ಜೇಠ್ಮಲಾನಿ ವಹಿಸಿದ ವಕಾಲತ್ತುಗಳು

2014ರ ಅಕ್ಟೋಬರ್ 7ರಂದು ಬೆಂಗಳೂರಿನ ಹೈಕೋರ್ಟ್ ಸುತ್ತಮುತ್ತ ಸೇರಿದ್ದ ಅಣ್ಣಾ ಡಿಎಂಕೆ ಕಾರ್ಯಕರ್ತರು ಕೆಲಹೊತ್ತು ಕುಣಿದು ಕುಪ್ಪಳಿಸಿದರು. ತಮ್ಮ ನಾಯಕಿ ಜಯಲಲಿತಾ ಅವರಿಗೆ ಜಾಮೀನು ಸಿಕ್ಕಿತು ಎಂಬ ಸುದ್ದಿ ಹಬ್ಬಿತ್ತು, ಕೆಲವು ಟಿವಿ ವಾಹಿನಿಗಳೂ ಅದನ್ನೇ ಬಿತ್ತರಿಸಿದ್ದವು. ಒಳಗೆ ನಡೆದದ್ದು ಬೇರೆ. ಷರತ್ತಿನ ಜಾಮೀನಿಗೆ ತಮ್ಮ ಆಕ್ಷೇಪವಿಲ್ಲ ಎಂದು ಸರ್ಕಾರದ ಪರ ವಕೀಲರು ಹೇಳಿದ್ದು ನಿಜ. ಆದರೆ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ ಅವರು ಅರ್ಜಿಯನ್ನು ವಜಾ ಮಾಡಿದರು. ಜಯಲಲಿತಾ ಪರಪ್ಪನ ಅಗ್ರಹಾರದ ಜೈಲಿನಲ್ಲೇ ಉಳಿದರು. ಅಂದು ಅವರ ಪರ ವಾದಿಸಿದ್ದ ವಕೀಲರ ವಯಸ್ಸು 91. ಹೆಸರು ರಾಮ್ ಜೇಠ್ಮಲಾನಿ.

ಮೂರೇ ವರ್ಷದ ಹಿಂದೆ, 2011ರ ಜುಲೈನಲ್ಲಿ, ಇದೇ ಜೇಠ್ಮಲಾನಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ವಿದೇಶಿ ಬ್ಯಾಂಕುಗಳಲ್ಲಿರುವ ಕಪ್ಪುಹಣದ ತನಿಖೆಗೆ ವಿಶೇಷ ತಂಡ ರಚಿಸುವಂತೆ ಆದೇಶಿಸಿತ್ತು. ಭ್ರಷ್ಟಾಚಾರದ ವಿರುದ್ಧ ಕೋರ್ಟಿನ ಬಾಗಿಲು ಬಡಿದವರು, ಅಕ್ರಮ ಆಸ್ತಿ ಪ್ರಕರಣದಲ್ಲಿ ನಾಲ್ಕು ವರ್ಷ ಶಿಕ್ಷೆ ಮತ್ತು 100 ಕೋಟಿ ರೂಪಾಯಿ ದಂಡಕ್ಕೆ ಗುರಿಯಾದವರ ಪರ ವಾದಿಸಲು ಬಂದದ್ದು ಹೇಗೆ? ಜೇಠ್ಮಲಾನಿ ಬದುಕಿನುದ್ದಕ್ಕೂ ಈ ಪ್ರಶ್ನೆ ಬೆನ್ನು ಬಿಡಲಿಲ್ಲ. ಕಳ್ಳಸಾಗಣೆದಾರ ಹಾಜಿ ಮಸ್ತಾನ್, ಷೇರು ಹಗರಣದ ಹರ್ಷದ್ ಮೆಹ್ತಾ, ಇಂದಿರಾ ಗಾಂಧಿ ಹತ್ಯೆಯ ಆರೋಪಿಗಳು, ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳು, ಸಂಸತ್ ದಾಳಿಯ ಆರೋಪಿ ಗೀಲಾನಿ, ಜೆಸ್ಸಿಕಾ ಲಾಲ್ ಕೊಲೆಯ ಮನು ಶರ್ಮಾ, ಆಸಾರಾಂ ಬಾಪು. ಇಂಥ ಪಟ್ಟಿ ಭಾರತದ ಬೇರೆ ಯಾವ ವಕೀಲರಿಗೂ ಇಲ್ಲ.

ಈ ಪಟ್ಟಿಯನ್ನೇ ಹಿಡಿದು ಅವರನ್ನು ಜರೆದವರು ಬಹಳ. ಆದರೆ ಪಟ್ಟಿ ಅವರ ಮೇಲಿನ ದೋಷಾರೋಪ ಪಟ್ಟಿಯಾಗಲಾರದು. ಅದರಲ್ಲಿ ಕೆಲವು ಹೆಸರುಗಳು ಈ ದೇಶದ ನ್ಯಾಯವ್ಯವಸ್ಥೆಯ ಮಾನ ಉಳಿಸಿದ್ದಕ್ಕೆ ಸಾಕ್ಷಿ. ಜೇಠ್ಮಲಾನಿ ಎಡವಿದ್ದೂ ಉಂಟು, ಆದರೆ ಆ ಜಾಗ ಬೇರೆ. ಯಾರ ಪರ ನಿಂತರು ಎಂದು ಕೇಳುವವರು, ನಿಂತು ಏನು ಮಾಡಿದರು ಎಂಬುದನ್ನು ಕೇಳುವುದಿಲ್ಲ. ನಿಜವಾದ ತಕರಾರು ಇರಬೇಕಾದದ್ದು ಅಲ್ಲಿ.

ಸಿಂಧ್ ಪ್ರಾಂತ್ಯದ ಶಿಕಾರಪುರದಲ್ಲಿ 1923ರ ಸೆಪ್ಟೆಂಬರ್ 14ರಂದು ಹುಟ್ಟಿದ ಜೇಠ್ಮಲಾನಿ ಹದಿನೇಳಕ್ಕೇ ಕಾನೂನು ಪದವಿ ಮುಗಿಸಿದ್ದರು. ಆಗ ವಕೀಲಿಕೆಗೆ 21 ತುಂಬಿರಬೇಕಿತ್ತು. ಆ ನಿಯಮವನ್ನೇ ಪ್ರಶ್ನಿಸಿ, ವಿನಾಯಿತಿ ಪಡೆದು ಹದಿನೆಂಟಕ್ಕೆ ಕರಿಕೋಟು ತೊಟ್ಟರು. ಕರಾಚಿಯಲ್ಲಿ ಎ.ಕೆ. ಬ್ರೋಹಿ ಅವರ ಜೊತೆ ಕಚೇರಿ ನಡೆಸುತ್ತಿದ್ದವರು, ವಿಭಜನೆಯ ಗಲಭೆಗೆ ಸಿಕ್ಕಿ 1948ರಲ್ಲಿ ನಿರಾಶ್ರಿತರಾಗಿ ಮುಂಬೈಗೆ ಬಂದರು. ಊರು, ಮನೆ, ಕಕ್ಷಿದಾರರು ಎಲ್ಲವನ್ನೂ ಕಳೆದುಕೊಂಡು ಬಂದವರಿಗೆ ಸರ್ಕಾರವೆಂಬುದರ ಮುಂದೆ ಒಂಟಿಯಾಗಿ ನಿಲ್ಲುವುದು ಏನೆಂದು ಗೊತ್ತಿತ್ತು.

ಅವರ ಹೆಸರು ಮೊದಲು ಕೇಳಿಬಂದದ್ದು ಕುಖ್ಯಾತನೊಬ್ಬನ ಪರ ವಾದಿಸಿ ಅಲ್ಲ. ಜನಪ್ರಿಯನೊಬ್ಬನ ಎದುರು ಪಕ್ಷದಲ್ಲಿ ಕೂತು. ಐಎನ್‌ಎಸ್ ಮೈಸೂರು ಯುದ್ಧನೌಕೆಯ ಅಧಿಕಾರಿ ಕಮಾಂಡರ್ ಕೆ.ಎಂ. ನಾನಾವತಿ 1959ರ ಏಪ್ರಿಲ್ 27ರಂದು ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಆಹೂಜಾನನ್ನು ಗುಂಡಿಟ್ಟು ಕೊಂದಿದ್ದ. ಮುಂಬೈ ಜನ ನಾನಾವತಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ‘ಬ್ಲಿಟ್ಜ್’ ವಾರಪತ್ರಿಕೆ ಅವನ ಪರ ಚಳವಳಿಯನ್ನೇ ನಡೆಸಿತು. ಸತ್ತವನ ಅಕ್ಕ ಮೇಮಿ ಆಹೂಜಾ ಪರವಾಗಿ ಪ್ರಾಸಿಕ್ಯೂಷನ್ನಿಗೆ ನೆರವಾಗಲು ಕೂತಿದ್ದ ತರುಣ ವಕೀಲ ಜೇಠ್ಮಲಾನಿ. ಜಗ್ಗಾಟದ ನಡುವೆ ರಿವಾಲ್ವರ್ ಸಿಡಿಯಿತು ಎಂಬುದು ಆರೋಪಿಯ ವಾದ. ಆಹೂಜಾ ಆಗಷ್ಟೇ ಸ್ನಾನ ಮುಗಿಸಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದ. ಅಂಥ ಜಗ್ಗಾಟ ನಡೆದಿದ್ದರೆ ಆ ಟವೆಲ್ ಜಾರದೆ ಹೆಣದ ಮೇಲೆ ಹಾಗೇ ಉಳಿದದ್ದು ಹೇಗೆ? ಜ್ಯೂರಿ ಇದಕ್ಕೆ ಕಿವಿಗೊಡದೆ 8-1ರಲ್ಲಿ ನಾನಾವತಿ ನಿರಪರಾಧಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೀದಿಯ ಅಭಿಪ್ರಾಯವೂ ಪುರಾವೆಯೂ ಬೇರೆ ಬೇರೆ ದಿಕ್ಕಿಗೆ ಹೋಗಬಲ್ಲವು ಎಂಬುದನ್ನು ಅವರು ತಮ್ಮ ಮೂವತ್ತರ ಹರೆಯದಲ್ಲೇ ಹತ್ತಿರದಿಂದ ಕಂಡರು.

ಮುಂದಿನ ದಶಕದಲ್ಲಿ ಕಳ್ಳಸಾಗಣೆದಾರರ ವಕೀಲ ಎಂಬ ಹಣೆಪಟ್ಟಿ ಅಂಟಿತು. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರನ್ನು ಕಟುವಾಗಿ ಟೀಕಿಸಿದ್ದಕ್ಕೆ ಕೇರಳದಿಂದ ಬಂಧನದ ವಾರಂಟ್ ಹೊರಟಾಗ, ನಾನಿ ಪಾಲ್ಖಿವಾಲಾ ಅವರ ನೇತೃತ್ವದಲ್ಲಿ ಮುನ್ನೂರಕ್ಕೂ ಹೆಚ್ಚು ವಕೀಲರು ಬಾಂಬೆ ಹೈಕೋರ್ಟಿನಲ್ಲಿ ಅವರ ಪರ ಎದ್ದು ನಿಂತು ತಡೆಯಾಜ್ಞೆ ತಂದರು. 1976ರ ಏಪ್ರಿಲ್‌ನಲ್ಲಿ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬಂಧಿತನಿಗೆ ಕೋರ್ಟಿಗೆ ಹೋಗುವ ಹಕ್ಕೂ ಇಲ್ಲ ಎಂದಾದ ಮೇಲೆ ಆ ತಡೆಯಾಜ್ಞೆಗೂ ಬೆಲೆ ಉಳಿಯಲಿಲ್ಲ. ಜೇಠ್ಮಲಾನಿ ಅಮೆರಿಕಕ್ಕೆ ಹೋಗಿ ಡೆಟ್ರಾಯಿಟಿನಲ್ಲಿ ಸಂವಿಧಾನದ ಪಾಠ ಹೇಳಿದರು. ಮರಳಿ ಬಂದು 1977ರ ಚುನಾವಣೆಯಲ್ಲಿ ಕಾನೂನು ಮಂತ್ರಿ ಎಚ್.ಆರ್. ಗೋಖಲೆಯವರನ್ನೇ ಸೋಲಿಸಿದರು. ಒಮ್ಮೆ ಕರ್ನಾಟಕದಿಂದಲೂ ರಾಜ್ಯಸಭೆಗೆ ಆಯ್ಕೆಯಾದರು. ಮುಂದೆ ವಾಜಪೇಯಿ ಅವರ ಸಂಪುಟದಲ್ಲಿ ಕಾನೂನು ಮಂತ್ರಿಯಾದರು, 2004ರಲ್ಲಿ ಅದೇ ವಾಜಪೇಯಿ ವಿರುದ್ಧ ಲಖನೌದಲ್ಲಿ ನಿಂತು ಸೋತರು. ರಾಜಕಾರಣದಲ್ಲಿ ಅವರು ಯಾರ ಕೈಗೂ ಸಿಕ್ಕವರಲ್ಲ, ಅದರ ಕಥೆ ಇಲ್ಲಿ ಬೇಡ.

ಇಂದಿರಾ ಗಾಂಧಿ ಹತ್ಯೆಯ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರಧಾನಿಯನ್ನು ಅವರ ಕಾವಲುಗಾರರೇ ಕೊಂದಿದ್ದರು. ದೆಹಲಿಯ ಬೀದಿಗಳಲ್ಲಿ ಸಾವಿರಾರು ಸಿಖ್ಖರ ಹತ್ಯೆ ನಡೆದಿತ್ತು. ಆ ಹೊತ್ತಿನಲ್ಲಿ ಆರೋಪಿಗಳ ಪರ ಮಾತಾಡುವುದೇ ದೇಶದ್ರೋಹ ಎಂಬಂಥ ವಾತಾವರಣ. ಸತ್ವಂತ್ ಸಿಂಗ್, ಕೇಹರ್ ಸಿಂಗ್, ಬಲಬೀರ್ ಸಿಂಗ್ ಮೂವರಿಗೂ 1986ರ ಜನವರಿಯಲ್ಲಿ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮೂವರ ಶಿಕ್ಷೆಯನ್ನೂ ಕಾಯಂ ಮಾಡಿತು. ಕೇಹರ್ ಮತ್ತು ಬಲಬೀರ್ ಪರವಾಗಿ ಜೇಠ್ಮಲಾನಿ ಸುಪ್ರೀಂ ಕೋರ್ಟಿನಲ್ಲಿ ವಾದಕ್ಕೆ ನಿಂತರು.

ಬಲಬೀರ್ ಸಿಂಗ್ ಪ್ರಧಾನಿಯ ಭದ್ರತಾ ಪಡೆಯ ಸಬ್ ಇನ್‌ಸ್ಪೆಕ್ಟರ್. ಅವನನ್ನು 1984ರ ಡಿಸೆಂಬರ್ 3ರಂದು ನಜಫ್‌ಗಢ ಬಸ್ ನಿಲ್ದಾಣದಲ್ಲಿ ಹಿಡಿದೆವು, ಆಗ ಅವನ ಬಳಿ ತಾರೀಖುಗಳನ್ನು ಗುರುತು ಹಾಕಿಕೊಂಡ ಒಂದು ಹಾಳೆ ಸಿಕ್ಕಿತು ಎಂದು ಪೊಲೀಸರು ಹೇಳಿದ್ದರು. ಆ ಹಾಳೆಯೇ ಅವನ ಕೊರಳಿಗೆ ಬಿದ್ದ ಹಗ್ಗ. ಆದರೆ ಹತ್ಯೆಯಾದ ಹೊಸತರಲ್ಲೇ ಅವನ ಮನೆ ಶೋಧಿಸಿ, ಅವನನ್ನು ಯಮುನಾ ವೆಲೊಡ್ರೋಮಿಗೆ ಕರೆದೊಯ್ದು ಕೂರಿಸಿದ್ದು ದಾಖಲೆಯಲ್ಲೇ ಇತ್ತು. ಆಗಲೇ ಪೊಲೀಸರ ಕೈಯಲ್ಲಿದ್ದವನು ತಿಂಗಳ ನಂತರ ಗುರುತಿನ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದು ಹೇಗೆ? ಸುಪ್ರೀಂ ಕೋರ್ಟ್ ಈ ಬಂಧನದ ಕಥೆಯನ್ನು ನಂಬಲಿಲ್ಲ. 1988ರ ಆಗಸ್ಟ್ 3ರಂದು ಬಲಬೀರ್ ಸಿಂಗ್ ಖುಲಾಸೆಯಾದ. ತೀರ್ಪು ಕೊಟ್ಟ ಮೂವರಲ್ಲಿ ಒಬ್ಬರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಕೇಹರ್ ಸಿಂಗ್ ಶಿಕ್ಷೆ ಮಾತ್ರ ಉಳಿಯಿತು. ಅವನ ವಿರುದ್ಧ ಇದ್ದದ್ದು ಬಹುಪಾಲು ಸಾಂದರ್ಭಿಕ ಸಾಕ್ಷ್ಯ ಎಂದು ಅನೇಕ ನ್ಯಾಯವೇತ್ತರು ಆಕ್ಷೇಪಿಸಿದರೂ 1989ರ ಜನವರಿ 6ರಂದು ಸತ್ವಂತ್ ಜೊತೆಗೆ ಅವನನ್ನೂ ತಿಹಾರಿನಲ್ಲಿ ಗಲ್ಲಿಗೇರಿಸಲಾಯಿತು.

ಎರಡು ನ್ಯಾಯಾಲಯಗಳು ನೇಣಿಗೆ ಹಾಕಲು ಹೇಳಿದ್ದ ಮನುಷ್ಯ ಮೂರನೆಯದರಲ್ಲಿ ನಿರ್ದೋಷಿಯಾದ. ಪ್ರಧಾನಿಯನ್ನು ಕೊಂದವರ ಪರ ವಾದ ಬೇಡ ಎಂದು ಜೇಠ್ಮಲಾನಿ ಫೈಲು ಮಡಚಿಟ್ಟಿದ್ದರೆ? ಬಲಬೀರ್ ಸಿಂಗ್ ಬದುಕಿ ಮನೆಗೆ ಹೋಗುವ ಸಾಧ್ಯತೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು.

ಹದಿನೈದು ವರ್ಷ ಕಳೆದ ಮೇಲೆ ಅದೇ ಚರಿತ್ರೆ ಮತ್ತೊಮ್ಮೆ ನಡೆಯಿತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದಾಗ ದೆಹಲಿಯ ಝಾಕಿರ್ ಹುಸೇನ್ ಕಾಲೇಜಿನಲ್ಲಿ ಅರಬ್ಬಿ ಪಾಠ ಹೇಳುತ್ತಿದ್ದ ಎಸ್.ಎ.ಆರ್. ಗೀಲಾನಿ ಅವರನ್ನು ಬಂಧಿಸಲಾಯಿತು. ಸಂಚಿನ ರೂವಾರಿ ಇವರೇ ಎಂದು ವಾಹಿನಿಗಳು ಆಗಲೇ ತೀರ್ಮಾನಿಸಿಬಿಟ್ಟವು. ಅವರ ವಿರುದ್ಧದ ಮುಖ್ಯ ಪುರಾವೆ ದಾಳಿಯ ಮರುದಿನ ಶ್ರೀನಗರದಿಂದ ಅವರ ತಮ್ಮ ಮಾಡಿದ್ದ ಒಂದು ಫೋನ್ ಕರೆ. ಮಾತು ಕಾಶ್ಮೀರಿಯಲ್ಲಿ, ಅವಧಿ 2 ನಿಮಿಷ 16 ಸೆಕೆಂಡು. ‘ದೆಹಲಿಯಲ್ಲಿ ಇದೇನು ಮಾಡಿದಿರಿ’ ಎಂದು ತಮ್ಮ ಕೇಳಿದಂತೆಯೂ, ಅಣ್ಣ ‘ಅದು ಅಗತ್ಯವಿತ್ತು’ ಎಂದಂತೆಯೂ ಪೊಲೀಸರ ಅನುವಾದ. ಕಾಶ್ಮೀರಿ ಬಲ್ಲ ಸಾಕ್ಷಿಗಳನ್ನು ಆರೋಪಿಯ ಕಡೆಯವರು ಕರೆಸಿದಾಗ ಆ ಮಾತಿನ ಅರ್ಥವೇ ಬದಲಾಯಿತು. ಧ್ವನಿಮುದ್ರಿಕೆ ಎಷ್ಟು ಅಸ್ಪಷ್ಟವಾಗಿತ್ತೆಂದರೆ ಪ್ರಾಸಿಕ್ಯೂಷನ್ ಕರೆತಂದ ತಜ್ಞರೇ ಅದನ್ನು ಕೇಳಿಸಿಕೊಳ್ಳಲು ತಿಣುಕಿದ್ದರು. ಆದರೂ ವಿಶೇಷ ನ್ಯಾಯಾಲಯ 2002ರ ಡಿಸೆಂಬರಿನಲ್ಲಿ ಮರಣದಂಡನೆ ಕೊಟ್ಟಿತು.

ನಂದಿತಾ ಹಕ್ಸರ್ ಮೊದಲಾದವರು ಕಟ್ಟಿದ ಗೀಲಾನಿ ಪರ ಹೋರಾಟಕ್ಕೆ ಜೇಠ್ಮಲಾನಿ ಹೆಗಲು ಕೊಟ್ಟರು. ದೆಹಲಿ ಹೈಕೋರ್ಟ್ 2003ರ ಅಕ್ಟೋಬರ್ 29ರಂದು ಗೀಲಾನಿಯವರನ್ನು ಬಿಡುಗಡೆ ಮಾಡಿತು. 2005ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ಉಳಿಸಿತು. ಗೀಲಾನಿ ನಡವಳಿಕೆಯ ಬಗ್ಗೆ ಸಂಶಯದ ಮಾತನ್ನೂ ಆ ತೀರ್ಪು ಆಡಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಸಂಶಯ ಎಷ್ಟೇ ಬಲವಾಗಿದ್ದರೂ ಪುರಾವೆಯ ಜಾಗದಲ್ಲಿ ಅದನ್ನು ಕೂರಿಸಲಾಗದು ಎಂದಿತು. ಒಬ್ಬ ಅಧ್ಯಾಪಕನ ಸಾವು ಬದುಕು ಒಂದು ಫೋನ್ ಕರೆಯ ಅನುವಾದದ ಮೇಲೆ ನಿಂತಿತ್ತು. ಆ ಅನುವಾದವನ್ನು ಸಾಲು ಸಾಲಾಗಿ ಕೆದಕಿ ನೋಡುವವರು ಬೇಕಿತ್ತು. ಕುಖ್ಯಾತರ ವಕೀಲ ಎಂದು ಬೈಸಿಕೊಳ್ಳಲು ಹೆದರದವರಷ್ಟೇ ಆ ಕೆಲಸಕ್ಕೆ ಮುಂದೆ ಬರಬಲ್ಲರು.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಾವಳಿ ಇದನ್ನೇ ಹೇಳುತ್ತದೆ. ತಕ್ಕ ಶುಲ್ಕ ಕೊಟ್ಟು ಬಂದ ಕಕ್ಷಿದಾರನ ಪ್ರಕರಣವನ್ನು, ವಿಶೇಷ ಕಾರಣವಿಲ್ಲದೆ, ವಕೀಲ ನಿರಾಕರಿಸುವಂತಿಲ್ಲ. ಆರೋಪಿ ತಪ್ಪಿತಸ್ಥ ಎಂದು ತನಗೆ ಅನ್ನಿಸಿದರೂ ಅವನ ಪರ ವಾದಿಸಬೇಕು. ಸಾಕಷ್ಟು ಪುರಾವೆ ಇಲ್ಲದೆ ಯಾರಿಗೂ ಶಿಕ್ಷೆಯಾಗಬಾರದು ಎಂಬ ಕಾನೂನಿಗೆ ವಕೀಲ ನಿಷ್ಠನಾಗಿರಬೇಕು ಎಂಬುದು ಅದರ ಹಿಂದಿನ ತರ್ಕ. ಸಂವಿಧಾನದ 22ನೇ ವಿಧಿ ತನ್ನ ಆಯ್ಕೆಯ ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು ಬಂಧಿತನಿಗೆ ಕೊಟ್ಟಿದೆ. ಹಕ್ಕು ಇರುವುದು ಬಂಧಿತನಿಗೆ, ಒಳ್ಳೆಯವನೆಂದು ಜನ ಒಪ್ಪಿದ ಬಂಧಿತನಿಗೆ ಮಾತ್ರವಲ್ಲ.

ಇಷ್ಟಾದರೂ ಜೇಠ್ಮಲಾನಿಯವರ ಎಲ್ಲ ನಡೆಯನ್ನೂ ಈ ನಿಯಮದ ನೆರಳಿನಲ್ಲಿ ಬಚ್ಚಿಡಲಾಗದು. ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ವಕೀಲ ಕಕ್ಷಿದಾರನ ಬರೀ ಬಾಯಿಯಾಗಬಾರದು. ವಾದದಲ್ಲಿ ಭಾಷೆಯ ಮೇಲೆ ಹಿಡಿತವಿರಬೇಕು, ಕೀಳು ದಾಳಿ ಸಲ್ಲದು.

2006ರಲ್ಲಿ ಮನು ಶರ್ಮಾ ಪರ ವಾದಿಸಲು ಜೇಠ್ಮಲಾನಿ ಒಪ್ಪಿದಾಗ ದೇಶ ಸಿಡಿದೆದ್ದಿತ್ತು. 1999ರಲ್ಲಿ ದೆಹಲಿಯ ರೆಸ್ಟೋರೆಂಟಿನಲ್ಲಿ ಮದ್ಯ ಕೊಡಲಿಲ್ಲವೆಂದು ಜೆಸ್ಸಿಕಾ ಲಾಲ್ ಅವರನ್ನು ಗುಂಡಿಟ್ಟು ಕೊಂದ ಪ್ರಕರಣ. ಸಾಕ್ಷಿಗಳು ಉಲ್ಟಾ ಹೊಡೆದು ಆರೋಪಿಗಳೆಲ್ಲ ಬಿಡುಗಡೆಯಾಗಿದ್ದರು. ಮೇಲ್ಮನವಿಯಲ್ಲಿ ಜೇಠ್ಮಲಾನಿ, ಗುಂಡು ಹೊಡೆದವನು ಎತ್ತರದ ಸಿಖ್ ವ್ಯಕ್ತಿ ಎಂಬ ವಾದ ಮುಂದಿಟ್ಟರು. ಹೈಕೋರ್ಟ್ ಅದನ್ನು ಒಪ್ಪದೆ ಅದೇ ಡಿಸೆಂಬರಿನಲ್ಲಿ ಮನು ಶರ್ಮಾಗೆ ಜೀವಾವಧಿ ಶಿಕ್ಷೆ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಂತ್ರಿಯ ಮಗನಿಗೂ ವಕೀಲ ಬೇಕು, ಅದರಲ್ಲಿ ತಕರಾರಿಲ್ಲ. ವಾದ ದುರ್ಬಲವಾಗಿತ್ತು, ಸೋತಿತು. ಅಲ್ಲಿಗೆ ಮುಗಿಯಿತು.

2013ರ ಸೆಪ್ಟೆಂಬರಿನಲ್ಲಿ ರಾಜಸ್ಥಾನ ಹೈಕೋರ್ಟಿನಲ್ಲಿ ನಡೆದದ್ದು ಅಷ್ಟಕ್ಕೇ ಮುಗಿಯುವ ಸಂಗತಿಯಲ್ಲ. ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಜೈಲು ಸೇರಿದ್ದ ಆಸಾರಾಂ ಪರ ಜಾಮೀನು ಕೇಳುತ್ತಾ ಜೇಠ್ಮಲಾನಿ, ದೂರು ಕೊಟ್ಟ ಬಾಲಕಿಗೆ ಗಂಡಸರತ್ತ ಸೆಳೆಯುವ ಒಂದು ಕಾಯಿಲೆ ಇದೆ, ಅದರ ಬಗ್ಗೆ ಪೊಲೀಸರು ತನಿಖೆ ಮಾಡಬೇಕು ಎಂಬ ಅರ್ಥದ ಮಾತಾಡಿದರು. ಅವಳು ಇನ್ನೂ ಅಪ್ರಾಪ್ತ ವಯಸ್ಸಿನ ಹುಡುಗಿ. ಎದುರಿಗಿದ್ದದ್ದು ಲಕ್ಷಾಂತರ ಭಕ್ತರಿರುವ ಗುರು. ಮಾತಾಡಿದವರು ದೇಶದ ಕಾನೂನು ಮಂತ್ರಿಯಾಗಿದ್ದವರು. ಆ ಮಾತು ಸಂಜೆಯೊಳಗೆ ದೇಶದ ಎಲ್ಲ ವಾಹಿನಿಗಳಲ್ಲಿ ಓಡಿತು. ದೂರು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಎಷ್ಟೋ ಮನೆಗಳಿಗೆ ಅದು ಮುಟ್ಟಿಸಿದ ಸಂದೇಶವೇನು?

ಕಾನೂನು ಅಷ್ಟುಹೊತ್ತಿಗೆ ಎಲ್ಲಿ ಬಂದು ನಿಂತಿತ್ತೆಂದು ನೋಡಿದರೆ ತಪ್ಪಿನ ಆಳ ಗೊತ್ತಾಗುತ್ತದೆ. ಅತ್ಯಾಚಾರದ ದೂರುದಾರಳ ಚಾರಿತ್ರ್ಯ ಕೆದಕಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಅವಕಾಶವಿದ್ದ ಉಪವಿಧಿಯನ್ನು ಸಾಕ್ಷ್ಯ ಅಧಿನಿಯಮದಿಂದ ಹತ್ತು ವರ್ಷದ ಹಿಂದೆಯೇ ತೆಗೆದುಹಾಕಲಾಗಿತ್ತು. ನಿರ್ಭಯಾ ಪ್ರಕರಣದ ನಂತರ, 2013ರಲ್ಲೇ, ಸಮ್ಮತಿಯ ಪ್ರಶ್ನೆ ಬಂದಾಗ ಆಕೆಯ ನಡತೆಯಾಗಲೀ ಹಿಂದಿನ ಲೈಂಗಿಕ ಅನುಭವವಾಗಲೀ ಲೆಕ್ಕಕ್ಕೆ ಬಾರದು ಎಂಬ ಹೊಸ ಕಲಮನ್ನು ಸೇರಿಸಲಾಯಿತು. ಆಗ ಜೇಠ್ಮಲಾನಿ ರಾಜ್ಯಸಭೆಯ ಸದಸ್ಯರು. ಬಾಲಕಿಯ ವಿಷಯದಲ್ಲಿ ಸಮ್ಮತಿಯ ಪ್ರಶ್ನೆಯೇ ಏಳುವುದಿಲ್ಲ. ಅಂದರೆ ಆ ಮಾತಿನಿಂದ ಆರೋಪಿಗೆ ಕಾನೂನಿನ ಪ್ರಕಾರ ಸಿಗುವಂಥದ್ದು ಏನೂ ಇರಲಿಲ್ಲ. ಬಾಲಕಿಯ ಹೆಸರಿಗೆ ಮಸಿ ಬಳಿದದ್ದಷ್ಟೇ ಉಳಿಯಿತು. ಅಕ್ಟೋಬರ್ 1ರಂದು ಜಾಮೀನು ಅರ್ಜಿ ವಜಾ ಆಯಿತು. 2018ರ ಏಪ್ರಿಲ್ 25ರಂದು ಜೋಧಪುರದ ನ್ಯಾಯಾಲಯ ಆಸಾರಾಂಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಬಲಬೀರ್ ಸಿಂಗ್ ಪ್ರಕರಣವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅಲ್ಲಿ ಜೇಠ್ಮಲಾನಿ ಎದುರಿಸಿದ್ದು ಪೊಲೀಸರ ಕಥೆಯನ್ನು, ಪ್ರಭುತ್ವದ ಬಲವನ್ನು. ಇಲ್ಲಿ ಅವರ ಮಾತಿನ ಏಟು ಬಿದ್ದದ್ದು ಶಾಲೆಗೆ ಹೋಗುವ ಹುಡುಗಿಯ ಮೇಲೆ. ವಕೀಲರು ಅವರೇ, ಅದೇ ಪ್ರತಿಭೆ, ಎರಡೂ ಕಡೆ ಕುಖ್ಯಾತ ಕಕ್ಷಿದಾರ. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಲು ಕಕ್ಷಿದಾರನ ಮುಖ ನೋಡಬೇಕಾದ ಅಗತ್ಯವೇ ಇಲ್ಲ.

ಬದುಕಿನ ಕೊನೆಯ ದೊಡ್ಡ ವಿವಾದದಲ್ಲೂ ಇದೇ ಗೆರೆ ದಾಟಿದರು. ಅರುಣ್ ಜೇಟ್ಲಿ ಹೂಡಿದ್ದ ಮಾನಹಾನಿ ಮೊಕದ್ದಮೆಯಲ್ಲಿ ಅರವಿಂದ ಕೇಜ್ರಿವಾಲ್ ಪರ 2017ರ ಮೇ ತಿಂಗಳಲ್ಲಿ ಪಾಟೀಸವಾಲು ಮಾಡುವಾಗ ಜೇಟ್ಲಿಯವರನ್ನು ವಂಚಕ ಎಂದು ಕರೆದರು. ಇದು ನಿಮ್ಮ ಕಕ್ಷಿದಾರರು ಹೇಳಿಕೊಟ್ಟ ಮಾತೇ ಎಂದು ಜೇಟ್ಲಿ ಕೇಳಿದರು, ಹೌದು ಎಂದರು ಜೇಠ್ಮಲಾನಿ. ನಾನು ಹಾಗೆ ಹೇಳಿಲ್ಲ ಎಂದರು ಕೇಜ್ರಿವಾಲ್. ಜೇಠ್ಮಲಾನಿ ಪ್ರಕರಣ ಬಿಟ್ಟು ಹೊರನಡೆದರು. ಕೇಂದ್ರ ಮಂತ್ರಿಯಾಗಿದ್ದ ಜೇಟ್ಲಿಯವರಿಗೆ ಅಲ್ಲೇ ತಿರುಗಿ ಕೇಳುವ ಶಕ್ತಿಯಿತ್ತು. ಜೋಧಪುರದ ಪ್ರಕರಣದ ಹುಡುಗಿಗೆ ಇರಲಿಲ್ಲ.

ಶುಲ್ಕದ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಉಳ್ಳವರಿಂದ ಕೈತುಂಬ ಪಡೆಯುತ್ತೇನೆ, ಉಳಿದವರಿಗೆ ಪುಕ್ಕಟೆ ವಾದಿಸುತ್ತೇನೆ ಎಂದು ಜೇಠ್ಮಲಾನಿ ಹೇಳಿಕೊಳ್ಳುತ್ತಿದ್ದರು. ಆದರೂ ಒಬ್ಬರು ಎಷ್ಟು ಜನಕ್ಕೆಂದು ಆದಾರು? ಪ್ರಕರಣ ದೊಡ್ಡದಾದಷ್ಟೂ ಅದನ್ನು ಕೈಗೆತ್ತಿಕೊಳ್ಳಲು ದೊಡ್ಡ ವಕೀಲರು ಸಿಗುತ್ತಾರೆ. ಮೊಬೈಲ್ ಕದ್ದ ಆರೋಪದಲ್ಲಿ ಒಳಗೆ ಹೋದ ಹುಡುಗ ಜಾಮೀನಿಗೆ ಭದ್ರತೆ ಕೊಡುವವರಿಲ್ಲದೆ ತಿಂಗಳುಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾನೆ. ಈ ಅಂತರ ನೋಡಿ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಕುಖ್ಯಾತನ ವಕೀಲನನ್ನು ಕಿತ್ತುಕೊಂಡರೆ ಬಡ ಹುಡುಗನಿಗೆ ವಕೀಲ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾದದ್ದೇ ನಡೆದ ಉದಾಹರಣೆ ಇದೆ. ಮುಂಬೈ ದಾಳಿಯ ಅಜ್ಮಲ್ ಕಸಬ್ ಪರ ನಿಲ್ಲಲು 2009ರಲ್ಲಿ ವಕೀಲರೇ ಹಿಂಜರಿದರು. ನ್ಯಾಯಾಲಯ ನೇಮಿಸಿದ ವಕೀಲೆ ಅಂಜಲಿ ವಾಘ್ಮಾರೆ ಅವರ ಮನೆ ಮೇಲೆ ದಾಳಿಯಾಯಿತು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಅಮಿಕಸ್ ಕ್ಯೂರಿಯಾಗಿ ಅವನ ಪರ ವಾದಿಸಿದವರು ರಾಜು ರಾಮಚಂದ್ರನ್. 2012ರ ಆಗಸ್ಟಿನಲ್ಲಿ ಕೋರ್ಟ್ ಗಲ್ಲುಶಿಕ್ಷೆಯನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ, ಬಂಧಿತನನ್ನು ಮೊದಲ ಸಲ ಮುಂದೆ ತಂದಾಗಲೇ, ನಿನಗೆ ವಕೀಲನನ್ನು ಪಡೆಯುವ ಹಕ್ಕಿದೆ, ಕೈಯಲ್ಲಿ ಕಾಸಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ಕೊಡಿಸುತ್ತೇವೆ ಎಂದು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು ವಿಧಿಸಿತು. ಮೊಬೈಲ್ ಕಳ್ಳತನದ ಹುಡುಗ ಇಂದು ಕೇಳಬಹುದಾದ ಆ ಹಕ್ಕು ಗಟ್ಟಿಯಾದದ್ದು ದೇಶ ಅತ್ಯಂತ ದ್ವೇಷಿಸಿದ ಕೈದಿಯ ಪ್ರಕರಣದಲ್ಲಿ.

ಕರ್ನಾಟಕಕ್ಕೂ ಈ ಪರೀಕ್ಷೆ ಎದುರಾಯಿತು. 2020ರ ಜನವರಿಯಲ್ಲಿ ಮಾನಸಗಂಗೋತ್ರಿಯ ಪ್ರತಿಭಟನೆಯಲ್ಲಿ ಕಾಶ್ಮೀರದ ಬಗ್ಗೆ ಫಲಕ ಹಿಡಿದ ಯುವತಿಯ ಮೇಲೆ ರಾಜದ್ರೋಹದ ಪ್ರಕರಣ ದಾಖಲಾದಾಗ, ಅವಳ ಪರ ಯಾರೂ ವಕಾಲತ್ತು ವಹಿಸಬಾರದು ಎಂದು ಮೈಸೂರು ವಕೀಲರ ಸಂಘ ನಿರ್ಣಯ ಮಾಡಿತು. ಅದಕ್ಕೆ ಉತ್ತರವೆಂಬಂತೆ ನೂರಕ್ಕೂ ಹೆಚ್ಚು ವಕೀಲರು ಆಕೆಯ ವಕಾಲತ್ತಿಗೆ ಸಹಿ ಹಾಕಿದರು, ನಿರೀಕ್ಷಣಾ ಜಾಮೀನು ಸಿಕ್ಕಿತು. ಮರುತಿಂಗಳು ಹುಬ್ಬಳ್ಳಿಯ ಸಂಘ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥದ್ದೇ ನಿರ್ಣಯ ತೆಗೆದುಕೊಂಡಿತು. ವಕೀಲರ ಸಂಘಗಳ ಇಂಥ ನಿರ್ಣಯಗಳು ಕಾನೂನುಬಾಹಿರ, ಅನೂರ್ಜಿತ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತ್ತು. ಕರ್ನಾಟಕ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಹುಬ್ಬಳ್ಳಿ ಸಂಘವನ್ನು ತರಾಟೆಗೆ ತೆಗೆದುಕೊಂಡಿತು. ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಜಾಮೀನು ಅರ್ಜಿ ಹಾಕಬೇಕಾಯಿತು. ನಮ್ಮದೇ ನೆಲದಲ್ಲಿ ಒಂದು ಜಾಮೀನು ಅರ್ಜಿಗೆ ಪೊಲೀಸ್ ಪಹರೆ ಬೇಕಾದದ್ದು ಕನ್ನಡಿಗರು ಮರೆಯಬಾರದ ಸಂಗತಿ.

ಜೇಠ್ಮಲಾನಿ 2017ರಲ್ಲಿ ವಕೀಲಿಕೆಯಿಂದ ನಿವೃತ್ತರಾಗಿ, 2019ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ಗೀಲಾನಿ ತೀರಿಕೊಂಡದ್ದೂ ಅದೇ ವರ್ಷ, ಸ್ವತಂತ್ರ ಮನುಷ್ಯನಾಗಿ.

ಕುಖ್ಯಾತರ ಪರ ವಕಾಲತ್ತು ವಹಿಸುವವರು ಮುಂದೆಯೂ ಬರುತ್ತಾರೆ, ಬರಬೇಕು. ಅವರನ್ನು ತಡೆಯುವ ಕೆಲಸ ವಕೀಲರ ಸಂಘದ್ದೂ ಅಲ್ಲ, ಬೀದಿಯ ಗುಂಪಿನದ್ದೂ ಅಲ್ಲ. ವಾದದ ಹೆಸರಿನಲ್ಲಿ ಸಾಕ್ಷಿಯ ಮಾನ ಕಳೆಯುವ ಮಾತನ್ನು ತಡೆಯುವ ಅಧಿಕಾರವಿರುವುದು ಪೀಠದಲ್ಲಿ ಕೂತವರಿಗೆ. ಅಸಭ್ಯ ಪ್ರಶ್ನೆಗಳನ್ನು ನ್ಯಾಯಾಧೀಶರು ತಡೆಯಬಹುದು, ಅವಮಾನಿಸಲೆಂದೇ ಕೇಳಿದ ಪ್ರಶ್ನೆಗಳನ್ನು ತಡೆಯಲೇಬೇಕು ಎಂದು 1872ರ ಸಾಕ್ಷ್ಯ ಅಧಿನಿಯಮದ 151 ಮತ್ತು 152ನೇ ಕಲಮುಗಳು ಹೇಳಿದ್ದವು, ಈಗಿನ ಹೊಸ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ಆ ಕಲಮುಗಳು ಇರುವುದು ಸಾಕ್ಷಿಗೆ ಹಾಕುವ ಪ್ರಶ್ನೆಗಳಿಗೆ. ಜಾಮೀನು ವಿಚಾರಣೆಯಲ್ಲಿ, ದೂರುದಾರಳು ಎದುರಿಗೇ ಇಲ್ಲದಾಗ ಆಡುವ ಮಾತಿಗೆ ಅಂಥ ಸ್ಪಷ್ಟ ಕಲಮಿಲ್ಲ. ಜೋಧಪುರದಲ್ಲಿ ಆ ಮಾತು ಬಂದದ್ದು ಸರಿಯಾಗಿ ಈ ಸಂದಿಯಲ್ಲಿ. ಬಾರ್ ಕೌನ್ಸಿಲ್ ತನ್ನ ನಿಯಮವನ್ನು ಪುಸ್ತಕದಿಂದ ಹೊರತಂದು, ಇಂಥ ಮಾತಾಡಿದ ವಕೀಲರು ಎಷ್ಟೇ ಹಿರಿಯರಿರಲಿ, ನೋಟಿಸು ಕೊಟ್ಟು ವಿವರಣೆ ಕೇಳಿದರೆ ಆ ಸಂದಿ ಬಹುಮಟ್ಟಿಗೆ ಮುಚ್ಚುತ್ತದೆ. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ.